28 ದಿನ ಅಲುಗಾಡದ ದುಡ್ಡು

ಮಗಳನ್ನು ಎಂ.ಎಸ್ಸಿ ಓದಲು ಬ್ರಿಟನ್ನಿಗೆ ಕಳಿಸುವ ಲೆಕ್ಕಾಚಾರ ನಮ್ಮ ಮನೆಯಲ್ಲಿ ಶುರುವಾದದ್ದು 2023ರಲ್ಲಿ. ಲಂಡನ್ ಬಿಟ್ಟು ಬೇರೆ ಊರಲ್ಲಿ ಓದುವವರು ಊಟ, ಬಾಡಿಗೆ, ಓಡಾಟಕ್ಕೆಂದು ತಿಂಗಳಿಗೆ 1,023 ಪೌಂಡ್ ಲೆಕ್ಕದಲ್ಲಿ ಒಂಬತ್ತು ತಿಂಗಳ 9,207 ಪೌಂಡ್ ತೋರಿಸಿದರೆ ಆಗ ಸಾಕಿತ್ತು. 2025ರ ಜುಲೈಯಲ್ಲಿ ಅವಳು ಅರ್ಜಿ ಹಾಕುವಾಗ ಅದು 10,224 ಆಗಿತ್ತು. ಅದೇ ನವೆಂಬರ್ 11ರಿಂದ 10,539 ಆಯಿತು. ಲಂಡನ್ನಿನಲ್ಲೇ ಓದುವುದಾದರೆ 13,761. ಇದರ ಮೇಲೆ ಮೊದಲ ವರ್ಷದ ಕೋರ್ಸ್ ಶುಲ್ಕದಲ್ಲಿ ಕಟ್ಟದೆ ಉಳಿದದ್ದೆಷ್ಟೋ ಅಷ್ಟನ್ನೂ ಖಾತೆಯಲ್ಲಿ ಕಾಣಿಸಬೇಕು.

ಮೊತ್ತಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಆ ದುಡ್ಡು ಇರಬೇಕಾದ ರೀತಿ. ಖಾತೆಯಲ್ಲಿ ಅದು ಸತತ 28 ದಿನ ಇರಬೇಕು. ಒಂದೇ ಒಂದು ದಿನ, ಒಂದೇ ಒಂದು ರೂಪಾಯಿ ಕೆಳಗಿಳಿದರೂ ಲೆಕ್ಕ ಮತ್ತೆ ಒಂದನೇ ದಿನದಿಂದ. ಆ 28ನೇ ದಿನಕ್ಕೂ ಅರ್ಜಿ ಹಾಕುವ ದಿನಕ್ಕೂ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಬಾರದು. ನಮ್ಮ ಉಳಿತಾಯ ಖಾತೆ ಎಂದರೆ ಹತ್ತು ಬಾಗಿಲಿನ ಮನೆ. ಎಲ್‌ಐಸಿ ಕಂತು ಒಂದು ತಾರೀಕಿಗೆ, ಮನೆ ಸಾಲದ ಇಎಂಐ ಇನ್ನೊಂದಕ್ಕೆ, ಎಸ್‌ಐಪಿ ಮತ್ತೊಂದಕ್ಕೆ, ನಡುವೆ ಕರೆಂಟ್ ಬಿಲ್ಲು. ಎಲ್ಲವೂ ನಮ್ಮನ್ನು ಕೇಳದೆ ತಾವಾಗಿಯೇ ಹಣ ಎತ್ತಿಕೊಳ್ಳುವಂಥವು. ನನ್ನ ಯಜಮಾನರೂ ನಾನೂ ಒಂದು ಭಾನುವಾರ ಹಳೆಯ ಸ್ಟೇಟ್‌ಮೆಂಟ್ ಹರಡಿಕೊಂಡು ಕೂತು, ತಾನಾಗಿ ಕಡಿತವಾಗುವ ಒಂದೊಂದು ಸಾಲಿಗೂ ಕೆಂಪು ಪೆನ್ನಿನಿಂದ ಗುರುತು ಹಾಕಿ, ಅಷ್ಟನ್ನೂ ಬೇರೆ ಬ್ಯಾಂಕಿನ ಖಾತೆಗೆ ವರ್ಗಾಯಿಸಿದೆವು. ಮಗಳ ದುಡ್ಡಿನ ಖಾತೆಗೆ ಯುಪಿಐ ಕೂಡ ಜೋಡಿಸಲಿಲ್ಲ. ಪೌಂಡಿನ ಬೆಲೆ ನೋಡುವುದು ಅರ್ಜಿ ಹಾಕುವ ದಿನದ ದರದಲ್ಲಿ. ಆಗ ಒಂದು ಪೌಂಡಿಗೆ ನೂರಹದಿನಾರು ರೂಪಾಯಿಯ ಆಸುಪಾಸು ಇತ್ತು. ದರ ಎರಡು ಮೂರು ರೂಪಾಯಿ ಏರಿದರೂ ತಡೆಯುವ ಹಾಗೆ ಮೇಲೊಂದಿಷ್ಟು ಇಟ್ಟೆವು.

ಯಾವ ದುಡ್ಡು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು ನಮ್ಮ ಕಡೆಯ ಕುಟುಂಬಗಳಿಗೆ ದೊಡ್ಡ ತಲೆನೋವು. ನನ್ನ ತಂಗಿ ತಿಪಟೂರಿನ ಹತ್ತಿರದ ಹಳ್ಳಿಯವಳು. ಅವಳ ಮಗನಿಗೂ ಹೊರಗೆ ಓದುವ ಆಸೆ. "ತೋಟ ಇದೆಯಲ್ಲಕ್ಕ, ಕೊಬ್ಬರಿ ದುಡ್ಡು ಸೊಸೈಟಿಲಿ ಎಫ್‌ಡಿ ಇದೆ, ಅದನ್ನೇ ತೋರಿಸಿದ್ರಾಯ್ತು" ಅಂದಳು. ತೋಟ, ಸೈಟು, ಚಿನ್ನ ಬ್ರಿಟನ್ನಿನ ನಿಯಮದಲ್ಲಿ ನಗದಲ್ಲ. ಷೇರು, ಪಿಂಚಣಿ ನಿಧಿಯಲ್ಲಿರುವ ದುಡ್ಡೂ ನಡೆಯುವುದಿಲ್ಲ. ಬೇಕೆಂದಾಗ ಮುರಿಸಬಹುದಾದ ಬ್ಯಾಂಕ್ ಎಫ್‌ಡಿ ನಡೆಯುತ್ತದೆ. ಆದರೆ ಹಣ ಇಟ್ಟ ಸಂಸ್ಥೆ ಆಯಾ ದೇಶದ ಹಣಕಾಸು ನಿಯಂತ್ರಕರ ಕೈಕೆಳಗೆ ಇರಬೇಕು. ಊರಿನ ಪತ್ತಿನ ಸಹಕಾರ ಸಂಘ ಸಹಕಾರ ಇಲಾಖೆಯ ಅಡಿ ಬರುವಂಥದ್ದು, ರಿಸರ್ವ್ ಬ್ಯಾಂಕಿನ ಅಡಿ ಅಲ್ಲ. ಹಾಗಾಗಿ ಅಲ್ಲಿಯ ಎಫ್‌ಡಿಯನ್ನು ನೆಚ್ಚಿಕೊಳ್ಳಬೇಡ, ಈಗಲೇ ಬ್ಯಾಂಕಿಗೆ ತಾ ಎಂದೆ. ಅವಳಿಗೆ ಅದು ರುಚಿಸಲಿಲ್ಲ. ಸಂಘದ ಬಡ್ಡಿ ಒಂದು ಗುಲಗಂಜಿ ಹೆಚ್ಚು, ಕಾರ್ಯದರ್ಶಿ ಮನೆಯವರಿದ್ದ ಹಾಗೆ.

ದುಡ್ಡು ವಿದ್ಯಾರ್ಥಿಯ ಹೆಸರಲ್ಲಿ ಇರಬೇಕು, ಇಲ್ಲವೇ ತಂದೆ ತಾಯಿಯ ಹೆಸರಲ್ಲಿ. ಸೋದರಮಾವನ ಖಾತೆ, ದೊಡ್ಡಪ್ಪನ ಖಾತೆ ಆಗುವುದಿಲ್ಲ. ತಂದೆ ತಾಯಿಯ ದುಡ್ಡಾದರೆ ಒಪ್ಪಿಗೆ ಪತ್ರದ ಜೊತೆ ಸಂಬಂಧ ತೋರಿಸುವ ಜನನ ಪ್ರಮಾಣಪತ್ರವೂ ಬೇಕು. ನಮ್ಮಲ್ಲಿ ಎಷ್ಟೋ ಮಕ್ಕಳ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇರುವುದಿಲ್ಲ, ನಾಮಕರಣಕ್ಕೆ ಮೊದಲೇ ಆಸ್ಪತ್ರೆಯಿಂದ ಬರೆಸಿರುತ್ತಾರೆ. ಅಪ್ಪನ ಹೆಸರು ಅಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದು ಇನ್ನೊಂದು ರೀತಿ. ಮಕ್ಕಳು ಡಿಗ್ರಿ ಎರಡನೇ ವರ್ಷದಲ್ಲಿರುವಾಗಲೇ ಇದನ್ನು ಸರಿಪಡಿಸಿಕೊಳ್ಳಿ.

ಮಗಳ ಅರ್ಜಿಯ ಸಮಯದಲ್ಲಿ ಒಬ್ಬ ಕನ್ಸಲ್ಟೆಂಟ್ ಹುಡುಗ ಬಹಳ ವಿನಯದಿಂದ ಹೇಳಿದ: "ನೀವ್ಯಾಕೆ ಮೇಡಂ ಇಷ್ಟು ತಲೆ ಕೆಡಿಸ್ಕೋತೀರಾ? ನಮ್ಮ ಕಡೆಯವರು ನಿಮ್ಮ ಅಕೌಂಟಿಗೆ ದುಡ್ಡು ಹಾಕ್ತಾರೆ. ಒಂದು ತಿಂಗಳು ಇರುತ್ತೆ, ವೀಸಾ ಬಂದ್ಮೇಲೆ ತೆಗೀತಾರೆ. ಲಕ್ಷಕ್ಕೆ ಇಷ್ಟು ಅಂತ ಬಡ್ಡಿ ಕೊಟ್ರೆ ಮುಗೀತು." ಈ ಅಂಕಣ ಬರೆಯಲು ಆ ಮಾತೇ ಮುಖ್ಯ ಕಾರಣ. ಇದು ತಪ್ಪು ದಾರಿ ಎಂದು ನಾನು ಹೇಳುವುದು ಸಿಕ್ಕಿಬೀಳುವ ಭಯಕ್ಕಷ್ಟೇ ಅಲ್ಲ. ಆ ಭಯ ಸಣ್ಣದೇನಲ್ಲ. ಅರ್ಜಿಯಲ್ಲಿ ವಂಚನೆ ಎಂದು ತೀರ್ಮಾನವಾದರೆ ಬ್ರಿಟನ್ ಹತ್ತು ವರ್ಷ, ಕೆನಡಾ ಐದು ವರ್ಷ ಬಾಗಿಲು ಹಾಕಬಹುದು. ಆದರೆ ವೀಸಾ ಸಿಕ್ಕಿಬಿಟ್ಟರೆ ಮುಂದೇನು ಎಂಬುದೇ ನನ್ನ ಚಿಂತೆ. ಬಾಡಿಗೆಗೆ ತಂದ ದುಡ್ಡು ವಾಪಸ್ ಹೋಗಿರುತ್ತದೆ, ಮಗು ಅಲ್ಲಿ ಇಳಿದಿರುತ್ತದೆ. ಮೊದಲ ತಿಂಗಳಿನ ಬಾಡಿಗೆ, ಡಿಪಾಸಿಟ್ಟು, ಚಳಿಯ ಕೋಟು, ಬಸ್ ಪಾಸು ಎಲ್ಲಕ್ಕೂ ದುಡ್ಡು ಬೇಕು. ಬ್ರಿಟನ್ನಿನಲ್ಲಿ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು, ಅದೂ ಕೆಲಸ ಸಿಕ್ಕರೆ. ಪಾರ್ಟ್‌ಟೈಮ್ ನೆಚ್ಚಿಕೊಂಡು ಹೋದ ಮಕ್ಕಳು ಒಪ್ಪೊತ್ತು ಉಂಡು ಕಾಲ ಹಾಕುವುದನ್ನು ಮಗಳು ಕಣ್ಣಾರೆ ಕಂಡು ಹೇಳಿದ್ದಾಳೆ.

ಆದ್ದರಿಂದಲೇ ಈ ಮೊತ್ತದ ಏರಿಕೆಯನ್ನು ನಾನು ಅನ್ಯಾಯ ಎನ್ನಲಾರೆ. ಕೆನಡಾದ್ದನ್ನೇ ನೋಡಿ. ಜೀವನವೆಚ್ಚಕ್ಕೆ 10,000 ಡಾಲರ್ ತೋರಿಸಿದರೆ ಸಾಕೆಂಬ ಅಲ್ಲಿನ ನಿಯಮ ಎರಡು ದಶಕ ಹಾಗೇ ಇತ್ತು. ಬಾಡಿಗೆ, ದಿನಸಿ ಎಲ್ಲ ಏರಿದರೂ ಆ ಅಂಕಿ ಮಾತ್ರ ಏರಲಿಲ್ಲ. ಅದನ್ನು ನಂಬಿ ಹೋದವರು ಅಲ್ಲಿ ಕಷ್ಟಕ್ಕೆ ಬಿದ್ದರು. ಆಗಿನ ವಲಸೆ ಸಚಿವ ಮಾರ್ಕ್ ಮಿಲ್ಲರ್ 2023ರ ಡಿಸೆಂಬರಿನಲ್ಲಿ ಅದನ್ನು 20,635ಕ್ಕೆ ಏರಿಸುವುದಾಗಿ ಘೋಷಿಸಿ, 2024ರ ಜನವರಿ 1ರಿಂದ ಜಾರಿಗೆ ತಂದರು. 2025ರ ಸೆಪ್ಟೆಂಬರಿನಿಂದ ಅದು 22,895. ನಮ್ಮವರು ಹೆಚ್ಚಾಗಿ ಹಿಡಿಯುತ್ತಿದ್ದ ಎಸ್‌ಡಿಎಸ್ ಎಂಬ ತ್ವರಿತ ದಾರಿಯೂ 2024ರ ನವೆಂಬರ್ 8ಕ್ಕೆ ಮುಚ್ಚಿತು. ಕೆನಡಾದ ಬ್ಯಾಂಕಿನಲ್ಲಿ ಜಿಐಸಿ ಎಂಬ ಠೇವಣಿ ಇಟ್ಟರೆ ಆ ದುಡ್ಡು ಮಗುವಿಗೇ ಕಂತಿನಲ್ಲಿ ಸಿಗುತ್ತದೆ. ಜರ್ಮನಿಯ ಬ್ಲಾಕ್ಡ್ ಅಕೌಂಟೂ ಹಾಗೆಯೇ: ವರ್ಷಕ್ಕೆ 11,904 ಯೂರೊ ಇಟ್ಟರೆ ತಿಂಗಳಿಗೆ 992 ಕೈಗೆ ಬರುತ್ತದೆ. ನನ್ನನ್ನು ಕೇಳಿದರೆ ಅದೇ ಒಳ್ಳೆಯ ಏರ್ಪಾಡು. ಬ್ರಿಟನ್ನಿನಲ್ಲಿ ದುಡ್ಡು ನಮ್ಮ ಖಾತೆಯಲ್ಲೇ ಉಳಿಯುವುದರಿಂದ ಅದನ್ನು ಮುಟ್ಟದೆ ಕಾಯುವ ಶಿಸ್ತು ನಮ್ಮದಾಗಬೇಕಾಗುತ್ತದೆ. ವೀಸಾ ಬಂದ ಮೇಲೂ ನಾವು ಆ ಖಾತೆಯನ್ನು ಬೇರೆ ಯಾವುದಕ್ಕೂ ಬಳಸಲಿಲ್ಲ, ಪ್ರತಿ ತಿಂಗಳು ಅದರಿಂದಲೇ ಮಗಳಿಗೆ ಕಳಿಸಿದೆವು.

ನನಗೆ ಸಿಟ್ಟು ಬರುವುದು ಶುಲ್ಕಗಳ ಮೇಲೆ. ಬ್ರಿಟನ್ನಿನಲ್ಲಿ ವಿದ್ಯಾರ್ಥಿಯ ಆರೋಗ್ಯ ಶುಲ್ಕ 2024ರ ಫೆಬ್ರುವರಿಯಲ್ಲಿ ವರ್ಷಕ್ಕೆ 470ರಿಂದ 776 ಪೌಂಡ್‌ಗೆ ಜಿಗಿಯಿತು. ಒಂದು ವರ್ಷದ ಎಂ.ಎಸ್ಸಿಗೆ ವೀಸಾ ಸುಮಾರು ಹದಿನಾರು ತಿಂಗಳು ಸಿಗುವುದರಿಂದ ಕಟ್ಟಬೇಕಾದದ್ದು ಒಂದೂವರೆ ವರ್ಷದ್ದು, 1,164 ಪೌಂಡ್, ಒಂದೇ ಏಟಿಗೆ. ವೀಸಾ ತಿರಸ್ಕಾರವಾದರೆ ಇದು ವಾಪಸ್ ಬರುತ್ತದೆ, 2025ರಲ್ಲಿ ಮಗಳು ಅರ್ಜಿ ಹಾಕುವಾಗ 524 ಪೌಂಡ್ ಇದ್ದ ಅರ್ಜಿ ಶುಲ್ಕ ಬರುವುದಿಲ್ಲ. ಆಸ್ಟ್ರೇಲಿಯಾ 710 ಡಾಲರ್ ಇದ್ದ ವಿದ್ಯಾರ್ಥಿ ವೀಸಾ ಶುಲ್ಕವನ್ನು 2024ರ ಜುಲೈಯಲ್ಲಿ 1,600, ಮರುವರ್ಷ 2,000 ಮಾಡಿತು. ಒಂದು ಲಕ್ಷಕ್ಕೂ ಮೀರಿದ ದುಡ್ಡು, ವೀಸಾ ಕೊಡದಿದ್ದರೂ ಅವರದ್ದೇ. ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದವರಿಗೆ ಇದು ತುಂಬ ಭಾರ.

ಎಲ್ಲವನ್ನೂ ಸ್ವಂತ ದುಡ್ಡಿನಲ್ಲೇ ಮಾಡಬೇಕೆಂಬ ಹಟ ಬೇಡ ಎಂದು ತಂಗಿಗೆ ಹೇಳಿದ್ದೇನೆ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ 28 ದಿನದ ಕಟ್ಟುಪಾಡಿಲ್ಲ, ಆರು ತಿಂಗಳೊಳಗಿನ ಮಂಜೂರಾತಿ ಪತ್ರ ಸಾಕು. 2025ರ ಏಪ್ರಿಲ್‌ನಿಂದ ಬ್ಯಾಂಕಿನಂಥ ಮಾನ್ಯ ಸಂಸ್ಥೆಯ ಶಿಕ್ಷಣ ಸಾಲದ ಹಣ ವಿದೇಶಕ್ಕೆ ಹೋದರೆ ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಕೂಡ ಇಲ್ಲ. ಸ್ವಂತ ಹಣವಾದರೆ ಒಬ್ಬರ ಪ್ಯಾನ್ ಮೇಲೆ ವರ್ಷಕ್ಕೆ 10 ಲಕ್ಷ ದಾಟಿದ ಭಾಗಕ್ಕೆ ಟಿಸಿಎಸ್ ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸಿ ಅದನ್ನು ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಆ ದುಡ್ಡು ನಮ್ಮ ಕೈಲಿರುವುದಿಲ್ಲ. ಗಂಡ ಹೆಂಡತಿ ತಂತಮ್ಮ ಖಾತೆಯಿಂದ ಬೇರೆ ಬೇರೆಯಾಗಿ ಕಳಿಸಿದರೆ ಇಬ್ಬರಿಗೂ ಆ 10 ಲಕ್ಷದ ಮಿತಿ ಸಿಗುತ್ತದೆ. ನಾವು ಹಾಗೇ ಮಾಡಿದೆವು.

ತಂಗಿಯ ಮಗ ಬ್ರಿಟನ್ ಎಂದೇ ನಿರ್ಧರಿಸಿದ್ದಾನೆ. ಓದು ಮುಗಿದ ಮೇಲೆ ಅಲ್ಲಿದ್ದು ಕೆಲಸ ಹುಡುಕುವ ಗ್ರಾಜುಯೇಟ್ ವೀಸಾ ಎರಡು ವರ್ಷದ್ದು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು ಮಾತ್ರ. ಅಲ್ಲಿ ದುಡಿದು ಸಾಲ ತೀರಿಸುವ ಲೆಕ್ಕವನ್ನು ಅವನು ಈ ಹದಿನೆಂಟು ತಿಂಗಳ ಮೇಲೆ ಹಾಕಿಕೊಳ್ಳಬೇಕು. ಸಾಲದ ಮೊತ್ತ ತಗ್ಗಿಸಲು ಲಂಡನ್ ಬಿಟ್ಟು, ಶುಲ್ಕ ಕಡಿಮೆ ಇರುವ ವಿಶ್ವವಿದ್ಯಾಲಯಗಳ ಪಟ್ಟಿ ಮಾಡುತ್ತಿದ್ದಾನೆ. ಸೊಸೈಟಿಯ ಎಫ್‌ಡಿ ಮುರಿಸಲು ತಂಗಿ ಕೊನೆಗೂ ಒಪ್ಪಿದ್ದಾಳೆ.