ಯಾರಿಗೆ ಯಾವ ಕಥೆ

ಯಪ್ಪಾ, ಯವ್ವಾ, "ಓದಲಿಕ್ಕೆ ಒಳ್ಳೇದೊಂದು ಕ್ರೈಸ್ತ ಕಾದಂಬರಿ ಹೇಳ್ರಿ" ಅಂತ ಯಾರಾದರೂ ಕೇಳಿದರೆ ತಟ್ಟನೆ ಪುಸ್ತಕದ ಹೆಸರು ಹೇಳಬೇಡಿ. "ಯಾರಿಗೆ?" ಅಂತ ತಿರುಗಿ ಕೇಳಿ. ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆ ಹತ್ತದೆ ಹೊರಳಾಡುವ ಮಾಮಾನಿಗೋ, ಸೇಡಂನಲ್ಲಿ ಪಿಯುಸಿ ಓದುವ ಹುಡುಗಿಗೋ, ಮೊನ್ನೆ ಮೊನ್ನೆ ಗಂಡನನ್ನು ಮಣ್ಣು ಮಾಡಿ ಬಂದ ಶಹಾಬಾದಿನ ಅಕ್ಕನಿಗೋ? ಮೂವರೂ ಓದುವ ಬೈಬಲ್ ಒಂದೇ. ಕಾದಂಬರಿ ಒಂದೇ ಆಗಲಾರದು.

ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ ನಮ್ಮ ಚರ್ಚಿನ ಪುಸ್ತಕದ ಅಲಮಾರಿ ನನ್ನ ಕೈಗೆ ಬಂತು. ಈಗ ಅದನ್ನು ನಿಮಗೆ ಒಪ್ಪಿಸುವ ಹೊತ್ತು. ಕೀಲಿಯ ಜೊತೆಗೆ ಇಷ್ಟು ಮಾತೂ ಇಟ್ಟುಕೊಳ್ಳಿ.

ಮೊದಲಿಗೆ ನಿಮಗೆ ಎದುರಾಗುವವರು ಕಾದಂಬರಿಯನ್ನೇ ಒಪ್ಪದ ಹಿರಿಯರು. ಕಥೆ ಅಂದರೆ ಸುಳ್ಳು, ಸುಳ್ಳು ಅಂದರೆ ಪಾಪ, ಅಲ್ಲಿಗೆ ಅವರ ಲೆಕ್ಕ ಮುಗಿಯಿತು. ವಾದಕ್ಕೆ ಇಳಿಯಬೇಡಿ. "ನನ್ನ ನೆರೆಯವನು ಯಾರು?" ಎಂದು ಶಾಸ್ತ್ರ ಬಲ್ಲವನೊಬ್ಬ ಕೇಳಿದಾಗ ಯೇಸುಸ್ವಾಮಿ ಅವನಿಗೆ ವಿವರಣೆ ಕೊಡಲಿಲ್ಲ, ಯೆರಿಕೋವಿನ ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನ ಕಥೆ ಹೇಳಿದರು. ತಪ್ಪಿಹೋದ ಮಗನ ಕಥೆಯಂತೂ ಮುಗಿದೇ ಇಲ್ಲ. ಸಿಟ್ಟಾಗಿ ಹೊರಗೆ ನಿಂತ ಅಣ್ಣ ಕಡೆಗೆ ಊಟಕ್ಕೆ ಒಳಗೆ ಬಂದನೋ ಇಲ್ಲವೋ, ಲೂಕ ಬರೆದಿಲ್ಲ. ಅಪ್ಪ ಕರೆಯುತ್ತಲೇ ಇದ್ದಾನೆ, ಅಧ್ಯಾಯ ಅಲ್ಲಿಗೆ ನಿಲ್ಲುತ್ತದೆ. ಎಲ್ಲರನ್ನೂ ಕೊನೆಯ ಪುಟದಲ್ಲಿ ಮೊಣಕಾಲೂರಿಸಿ ಕೈಮುಗಿಸುವ ಕಾದಂಬರಿಕಾರರು ಈ ಕಥೆಯನ್ನು ಮತ್ತೊಮ್ಮೆ ಓದಿದರೆ ಒಳ್ಳೆಯದು.

ಧರ್ಮದ ಕಥೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಸೇಡಂಗೆ ಹೋಗುವಾಗ ರೈಲಿನ ಕಿಟಕಿಯಿಂದ ನೋಡಿಯೂ ನೋಡದ ಹಾಗೆ ದಾಟಿಬಿಡುವ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದ ಕವಿರಾಜಮಾರ್ಗ, ಬೇರೆಯವರ ವಿಚಾರವನ್ನೂ ಧರ್ಮವನ್ನೂ ತಾಳಿಕೊಳ್ಳುವುದೇ ನಿಜವಾದ ಸಂಪತ್ತು ಎಂದಿತು. ಮುಂದಿನ ಶತಮಾನದಲ್ಲಿ ಮೂರನೆಯ ಕೃಷ್ಣನ ಆಸ್ಥಾನದಲ್ಲಿದ್ದ ಪೊನ್ನ ಶಾಂತಿಪುರಾಣ ಬರೆದ. ನಮಗೆ ಸಿಕ್ಕಿರುವ ಕನ್ನಡದ ಅತಿ ಹಳೆಯ ಗದ್ಯಕಥೆಗಳು ವಡ್ಡಾರಾಧನೆಯವು. 19 ಕಥೆಗಳು, ಎಲ್ಲವೂ ಜೈನರವು. ತಪಸ್ಸಿಗೆ ನಿಂತ ಸುಕುಮಾರಸ್ವಾಮಿಯ ಮೈಯನ್ನು ನರಿಯೊಂದು ತನ್ನ ಮರಿಗಳೊಡನೆ ತಿನ್ನುವ ಭಾಗವನ್ನು ನಾನು ತರಗತಿಯಲ್ಲಿ ಹೇಳುವಾಗ ಹಿಂದಿನ ಬೆಂಚಿನ ಕಿಡಿಗೇಡಿಗಳೂ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಅವರಲ್ಲಿ ಜೈನರು ಒಬ್ಬರೂ ಇರಲಿಲ್ಲ. ನಮ್ಮ ಕ್ರೈಸ್ತ ಕಾದಂಬರಿಗೂ ನಾನು ಹಿಡಿಯುವ ಅಳತೆಗೋಲು ಇದೇ. ನಂಬದವನನ್ನೂ ಕೂರಿಸಿ ಓದಿಸಬೇಕು. ನಂಬಿದವರು ಮಾತ್ರ ತಲೆದೂಗುವ ಪುಸ್ತಕ ಪ್ರಸಂಗವಾದೀತು, ಕಥೆಯಾಗದು. ಪ್ರಸಂಗ ಕೇಳಲಿಕ್ಕೆ ಭಾನುವಾರ ಇದ್ದೇ ಇದೆ.

ಇನ್ನು ಅಲಮಾರಿಯ ಒಳಗೆ ಬನ್ನಿ.

ಮೇಲಿನ ಹಲಗೆಯಲ್ಲಿ ಯಾತ್ರಿಕನ ಸಂಚಾರ ಇರಬೇಕು. ಅದನ್ನು ಬರೆದ ಜಾನ್ ಬನಿಯನ್ ಪಾತ್ರೆಗಳಿಗೆ ತೇಪೆ ಹಾಕುವ ಕಸುಬಿನವನು. ಸರಕಾರದ ಅಪ್ಪಣೆಯಿಲ್ಲದೆ ಬೋಧಿಸಿದ ತಪ್ಪಿಗೆ ಇಂಗ್ಲೆಂಡಿನ ಬೆಡ್‌ಫರ್ಡ್ ಜೈಲಿನಲ್ಲಿ 12 ವರ್ಷ ಕಳೆದ. 1678ರಲ್ಲಿ ಅಚ್ಚಾದ ಅವನ ಪುಸ್ತಕವನ್ನು ಬಾಸೆಲ್ ಮಿಷನ್ನಿನವರು 1840ರ ದಶಕದಲ್ಲೇ ಕನ್ನಡಕ್ಕೆ ತಂದರು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿದ ಕಾಲ ಅದು. ಕನ್ನಡದಲ್ಲಿ ಇನ್ನೂ ಕಾದಂಬರಿ ಎಂಬ ಜಾತಿಯೇ ಹುಟ್ಟಿರಲಿಲ್ಲ. ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಬಂದದ್ದು 1899ರಲ್ಲಿ, ಅದೂ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲೇ ಅಚ್ಚಾಗಿ. ಕನ್ನಡ ಕಾದಂಬರಿಯ ಬಾಗಿಲಿನ ಹತ್ತಿರವೇ ನಮ್ಮ ಪುಸ್ತಕವೊಂದು ಕುಳಿತಿತ್ತು ಅನ್ನುವುದು ನಿಮಗೆ ತಿಳಿದಿರಲಿ.

ಆದರೆ ಯಾತ್ರಿಕನ ಸಂಚಾರವನ್ನು ಕೊಡುವಾಗ ಒಂದು ಎಚ್ಚರಿಕೆ. ಕಥಾನಾಯಕ ಹೆಂಡತಿ ಮಕ್ಕಳು ಕೂಗಿ ಕರೆಯುತ್ತಿದ್ದರೂ ಕಿವಿಗೆ ಬೆರಳಿಟ್ಟುಕೊಂಡು ಓಡುತ್ತಾನೆ. ನಮ್ಮ ಹೆಣ್ಣುಮಕ್ಕಳು ಅಲ್ಲೇ ಪುಸ್ತಕ ಮುಚ್ಚುತ್ತಾರೆ. "ಇವನೆಂಥ ಭಕ್ತ, ಸಂಸಾರ ಬಿಟ್ಟು ಓಡೋನು?" ಎಂದು ನನ್ನ ಅತ್ತೆ ಗದರಿದ್ದು ಇನ್ನೂ ಕಿವಿಯಲ್ಲಿದೆ. ಆಕೆಯ ಸಿಟ್ಟಿನಲ್ಲಿ ನ್ಯಾಯವಿದೆ. ಬನಿಯನ್ನನಿಗೂ ಹಾಗೆ ಅನಿಸಿರಬೇಕು, 1684ರಲ್ಲಿ ಎರಡನೆಯ ಭಾಗ ಬರೆದು ಹೆಂಡತಿ ಮಕ್ಕಳನ್ನೂ ಅದೇ ದಾರಿಯಲ್ಲಿ ನಡೆಸಿದ. ಹೆಣ್ಣುಮಕ್ಕಳು ಕೇಳಿದರೆ ಎರಡನೆಯ ಭಾಗದ ಸುದ್ದಿಯನ್ನು ಮೊದಲೇ ಹೇಳಿಬಿಡಿ.

ಬೆಳಗಾವಿಯಲ್ಲಿ 1831ರಲ್ಲಿ ಹುಟ್ಟಿದ ಬಾಬಾ ಪದ್ಮನಜಿ ಎಂಬವರ ಯಮುನಾ ಪರ್ಯಟಣ 1857ರಲ್ಲಿ ಮರಾಠಿಯಲ್ಲಿ ಬಂತು. ಮರಾಠಿಯ ಮೊದಲ ಕಾದಂಬರಿಗಳಲ್ಲಿ ಒಂದು. ವಿಧವೆಯರ ಪಾಡನ್ನು ಕಣ್ಣಾರೆ ಕಂಡು ಬರೆದ ಭಾಗಗಳಿಗೆ ಇಂದಿಗೂ ಬಿಸಿ ಇದೆ, ಬೋಧನೆಯ ಪುಟಗಳು ತಣ್ಣಗಾಗಿವೆ. ನಮ್ಮ ಕಡೆ ಮರಾಠಿ ಓದಬಲ್ಲ ಹಳಬರು ಇನ್ನೂ ಇದ್ದಾರಲ್ಲ, ಅವರಿಗೆ ಹೇಳಿ ನೋಡಿ. ಚಿಂಚೋಳಿ ಸೇಡಂ ಕಡೆ ತೆಲುಗಿನ ಹಾಡಿಗೆ ಕನ್ನಡದಲ್ಲಿ ಆಮೆನ್ ಅನ್ನುವವರು ನಾವು. ಓದಿಗೂ ಒಂದೇ ಭಾಷೆಯ ಬೇಲಿ ಹಾಕಬೇಡಿ.

ಇತಿಹಾಸದ ಕಾದಂಬರಿಗಳನ್ನು ಕೊಡುವುದು ಸುಲಭ, ಅವು ತಾವಾಗಿಯೇ ಓಡುತ್ತವೆ. ಬೆನ್ ಹರ್ ಸಿನಿಮಾ ನೋಡದ ಹಳೆಯ ಚರ್ಚಿನ ಹುಡುಗರೇ ಇಲ್ಲ. ಅದರ ಮೂಲ ಲ್ಯೂ ವಾಲೇಸ್ ಎಂಬ ಅಮೆರಿಕದ ಸೇನಾಧಿಕಾರಿ 1880ರಲ್ಲಿ ಬರೆದ ಕಾದಂಬರಿ ಎಂದು ತಿಳಿದವರು ಕಡಿಮೆ. ಪೋಲೆಂಡಿನ ಸಿಯೆನ್‌ಕಿಯೆವಿಚ್ ಬರೆದ ಕ್ವೋ ವಾಡಿಸ್ ನೀರೋನ ಕಾಲದ ರೋಮಿನದು. ಆತನಿಗೆ 1905ರಲ್ಲಿ ನೊಬೆಲ್ ಬಂತು. ಬೆನ್ ಹರ್ ಅನ್ನು ರಥದ ಓಟಕ್ಕಾಗಿ ಓದುವವನು ರಥದ ಓಟಕ್ಕೇ ಓದಲಿ, ಮಿಕ್ಕದ್ದು ಅವನಿಗೆ ಗೊತ್ತಾಗದ ಹಾಗೆ ಒಳಗೆ ಇಳಿಯುತ್ತದೆ.

ವಾಡಿಯ ಮಾಮಾನಿಗೆ? ಪತ್ತೇದಾರಿ. ಭಕ್ತಿಗೂ ಪತ್ತೇದಾರಿಗೂ ಏನು ಸಂಬಂಧ ಎಂದು ಮೂಗು ಮುರಿಯಬೇಡಿ. ಚೆಸ್ಟರ್‌ಟನ್ನನ ಫಾದರ್ ಬ್ರೌನ್ ಕಥೆಗಳ ಮೊದಲ ಸಂಕಲನ 1911ರದು. ಕುಳ್ಳಗೆ, ದುಂಡಗೆ, ಕೊಡೆಯನ್ನು ಎಲ್ಲೆಂದರಲ್ಲಿ ಬೀಳಿಸಿಕೊಳ್ಳುವ ಪೆದ್ದ ಕಳೆಯ ಪಾದ್ರಿ. ಆದರೆ ಕಳ್ಳನ ಮನಸ್ಸು ಅವನಿಗೆ ಪೊಲೀಸರಿಗಿಂತ ಚೆನ್ನಾಗಿ ಗೊತ್ತು. ಯಾಕೆಂದರೆ ವರ್ಷಗಟ್ಟಲೆ ಪಾಪನಿವೇದನೆ ಕೇಳಿದ ಕಿವಿ ಅದು. ಮೊದಲ ಕಥೆಯಲ್ಲೇ ಪಾದ್ರಿ ವೇಷದ ಕಳ್ಳ ಫ್ಲಾಂಬೋನನ್ನು ಅವನು ಗುರುತಿಸುತ್ತಾನೆ. ಯಾವ ಮಾತಿನಿಂದ ಗುರುತಿಸಿದ ಎಂದು ನಾನು ಹೇಳುವುದಿಲ್ಲ, ನೀವೂ ಯಾರಿಗೂ ಹೇಳಬೇಡಿ. ಗುಟ್ಟು ಒಡೆದು ಪುಸ್ತಕ ಕೊಡುವವರನ್ನು ಕಂಡರೆ ನನಗಾಗದು. ಆ ಕಳ್ಳನೇ ಮುಂದೆ ಪತ್ತೇದಾರನಾಗಿ ಅವನ ಗೆಳೆಯನಾಗುತ್ತಾನೆ ಎಂಬಷ್ಟು ಹೇಳಬಹುದು. ಅಪರಾಧಿಯನ್ನು ಹಿಡಿದ ಮೇಲೆ ಅವನ ಗತಿಯೇನು ಎಂದು ಕೇಳುವ ಪತ್ತೇದಾರಿ ಕಥೆ ಬಹಳ ಇಲ್ಲ.

ಮಕ್ಕಳಿಗೆ ಸಿ. ಎಸ್. ಲೂಯಿಸನ ನಾರ್ನಿಯಾ. 1950ರಿಂದ 1956ರವರೆಗೆ ಬಂದ ಏಳು ಪುಸ್ತಕಗಳು. ಕೊಡುವಾಗ "ಆ ಸಿಂಹ ಅಂದರೆ ಯಾರು ಗೊತ್ತಾ?" ಎಂದು ಸಂಡೇ ಸ್ಕೂಲ್ ಪರೀಕ್ಷೆ ಮಾಡಬೇಡಿ. ಮಗು ತಾನೇ ಕಂಡುಕೊಂಡು ಓಡಿಬಂದು ಹೇಳುವ ಗಳಿಗೆಯನ್ನು ನೀವು ಕಸಿದ ಹಾಗಾಗುತ್ತದೆ.

ಪ್ರೇಮಕಥೆಗಳು ಬೇಕಾದಷ್ಟು ಇವೆ. ಅಮೆರಿಕದಲ್ಲಿ ಇದೊಂದು ದೊಡ್ಡ ವ್ಯಾಪಾರ. ಹಳ್ಳಿ, ಕುದುರೆಗಾಡಿ, ಟೋಪಿಯ ಹುಡುಗಿ, ಕೊನೆಗೆ ಮದುವೆ. ಓದಿದರೆ ಕೇಡಿಲ್ಲ. ಮದುವೆಯ ಮಾತುಕತೆ ಮುರಿದು ಮನೆಯಲ್ಲಿ ಕೂತ ಹುಡುಗಿಗೆ ಮಾತ್ರ ಬೇಡ.

ಇನ್ನೊಂದು ಬಗೆಯಿದೆ, ಲೋಕದ ಅಂತ್ಯದ ರೋಚಕ ಕಾದಂಬರಿಗಳು. 1995ರಲ್ಲಿ ಶುರುವಾದ ಲೆಫ್ಟ್ ಬಿಹೈಂಡ್ ಮಾಲಿಕೆ 16 ಪುಸ್ತಕಗಳಿಗೆ ಬೆಳೆಯಿತು. ನಾನು ಇವುಗಳ ಪಕ್ಷದವಳಲ್ಲ, ಮುಚ್ಚುಮರೆ ಯಾಕೆ. ಹಿಂದೆ ಉಳಿದವರ ಮೇಲೆ ಬೀಳುವ ಕಷ್ಟಗಳನ್ನು ಚಪ್ಪರಿಸಿ ಹೇಳುವ ಬರವಣಿಗೆಯಲ್ಲಿ ಕರುಣೆ ತೆಳುವಾಗುತ್ತದೆ. ತಾವೇ ಕೇಳಿ ಪಡೆಯುವವರಿಗೆ ಕೊಡಿ, ತಡೆಯಬೇಡಿ. ಗಂಡನನ್ನು ಕಳಕೊಂಡ ಅಕ್ಕನಿಗೆ, ಕಾಯಿಲೆಯಲ್ಲಿ ಮಲಗಿದವರಿಗೆ, ರಾತ್ರಿ ಹೆದರುವ ಮಕ್ಕಳಿಗೆ ನೀವಾಗಿ ಕೊಡಬೇಡಿ. ಆ ಅಕ್ಕನಿಗೆ ಟಾಲ್‌ಸ್ಟಾಯ್ ಬರೆದ ಚಮ್ಮಾರ ಮಾರ್ಟಿನ್ನನ ಕಥೆ ಓದಿ ಹೇಳಿ. ಹೆಂಡತಿ ಮಕ್ಕಳೆಲ್ಲ ಸತ್ತು, ದೇವರ ಮೇಲೆ ಮುನಿದು, ನೆಲಮಾಳಿಗೆಯ ಕಿಟಕಿಯಲ್ಲಿ ಜನರ ಕಾಲುಗಳನ್ನಷ್ಟೇ ನೋಡುತ್ತ ಕೂತ ಮುದುಕ ಅವನು. ಚಿಕ್ಕ ಕಥೆ, ಒಂದು ಮಧ್ಯಾಹ್ನಕ್ಕೆ ಸಾಕು. ಓದಿದ ಮೇಲೆ ಅರ್ಥ ಬಿಡಿಸಲಿಕ್ಕೆ ಹೋಗದೆ ಚಹಾ ಮಾಡಿಕೊಂಡು ಬನ್ನಿ.

ಗಟ್ಟಿ ಓದುಗ ಸಿಕ್ಕರೆ ಗ್ರಹಾಂ ಗ್ರೀನ್ 1940ರಲ್ಲಿ ಬರೆದ ದಿ ಪವರ್ ಅಂಡ್ ದಿ ಗ್ಲೋರಿ ಕೊಡಿ. ಮೆಕ್ಸಿಕೋದಲ್ಲಿ ಪಾದ್ರಿಗಳನ್ನು ಬೇಟೆಯಾಡುವ ಕಾಲ. ಓಡಿಹೋಗದೆ, ಪಾದ್ರಿತನ ಬಿಡದೆ ಉಳಿದ ಒಬ್ಬನೇ ಪಾದ್ರಿ ಕುಡುಕ, ಅವನಿಗೊಬ್ಬಳು ಮಗಳೂ ಇದ್ದಾಳೆ. 1953ರಲ್ಲಿ ರೋಮಿನ ಚರ್ಚಿನ ಅಧಿಕಾರಿಗಳೇ ಈ ಪುಸ್ತಕಕ್ಕೆ ಆಕ್ಷೇಪ ಎತ್ತಿದರು. ನಮ್ಮ ಅಲಮಾರಿಯಲ್ಲಿ ಇದನ್ನು ಕಂಡು ಯಾರಾದರೂ ಹುಬ್ಬು ಗಂಟಿಕ್ಕಿದರೆ ಪೂರ್ತಿ ಓದಿ ಬಂದು ಮಾತಾಡಲು ಹೇಳಿ. ಸೆರೆ ಸಿಕ್ಕುತ್ತೇನೆಂದು ಗೊತ್ತಿದ್ದೂ ಸಾಯುವವನ ಬಳಿಗೆ ಹೋಗುವ ಆ ಕುಡುಕನ ಕಾಲಿನ ನಡುಕದಲ್ಲಿ ನಾನು ಕಂಡ ಕೃಪೆ ನೂರು ಸಜ್ಜನ ಕಥಾನಾಯಕರಲ್ಲಿ ಕಂಡಿಲ್ಲ. ಹದಿನಾರರ ಹುಡುಗನಿಗೆ ಮಾತ್ರ ಇದು ಬೇಡ, ಕುಡಿತದ ಪುಟಗಳನ್ನಷ್ಟೇ ನೆನಪಿಟ್ಟುಕೊಂಡಾನು.

ಇಷ್ಟೆಲ್ಲ ಹೊರಗಿನವೇ ಆದುವಲ್ಲ ಅಂತೀರಿ. ಕನ್ನಡದಲ್ಲಿ ನಾ. ಡಿಸೋಜರನ್ನು ಓದದೆ ಈ ಅಲಮಾರಿಯ ಕೀಲಿ ಮುಟ್ಟಬೇಡಿ. ಸಾಗರದವರು, ಶರಾವತಿ ಯೋಜನೆಯಲ್ಲಿ ಕೆಲಸ ಮಾಡಿದವರು, 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು, 2025ರ ಜನವರಿಯಲ್ಲಿ ತೀರಿಕೊಂಡರು. ಅವರ ಇಗರ್ಜಿ ಸುತ್ತಲಿನ ಹತ್ತು ಮನೆಗಳು, ಪಾದರಿಯಾಗುವ ಹುಡುಗ ಕಾದಂಬರಿಗಳ ಹೆಸರಿನಲ್ಲೇ ಚರ್ಚಿನ ಗಂಟೆ ಕೇಳುತ್ತದೆ. ದ್ವೀಪ ಕಾದಂಬರಿಯಲ್ಲಿ ಕೇಳುವುದಿಲ್ಲ. ಅಣೆಕಟ್ಟಿನ ನೀರು ಏರುತ್ತಿರುವಾಗ ನೆಲ ಬಿಡಲಾರದ ಒಂದು ಹಿಂದೂ ಸಂಸಾರದ ಕಥೆ ಅದು. ಗಿರೀಶ ಕಾಸರವಳ್ಳಿಯವರು ಸಿನಿಮಾ ಮಾಡಿದ್ದಾರೆ. ಮೊದಲ ಎರಡು ಕ್ರೈಸ್ತ ಕಾದಂಬರಿ, ಮೂರನೆಯದು ಅಲ್ಲ ಅನ್ನುತ್ತೀರಾ? ಮುಳುಗುವವನ ಅಂಗಳದಲ್ಲಿ ನಿಂತು ಬರೆದ ಮನುಷ್ಯ ಒಬ್ಬನೇ. ನನ್ನ ಅಲಮಾರಿಯಲ್ಲಿ ಮೂರೂ ಒಂದೇ ಹಲಗೆಯಲ್ಲಿವೆ, ನೀವೂ ಬೇರೆ ಮಾಡಬೇಡಿ. ಅವುಗಳ ಪಕ್ಕದಲ್ಲಿ ಗೋವಿಂದ ಪೈಗಳ ಗೊಲ್ಗೊಥಾ ಇಟ್ಟಿದ್ದೇನೆ. ಕಾದಂಬರಿಯಲ್ಲ, ಖಂಡಕಾವ್ಯ. ಮಂಜೇಶ್ವರದ ಕೊಂಕಣಿ ಬ್ರಾಹ್ಮಣರು ಯೇಸುವಿನ ಕೊನೆಯ ದಿನವನ್ನು ಕನ್ನಡದಲ್ಲಿ ಬರೆದರು, ಬುದ್ಧನ ಕೊನೆಯ ದಿನದ ಮೇಲೆ ವೈಶಾಖಿ ಬರೆದರು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಸ್ತೂಪ ನೋಡಿ ಬಂದ ಹುಡುಗನಿಗೆ ಎರಡನ್ನೂ ಜೋಡಿಯಾಗಿ ಕೊಡಿ. ಕನ್ನಡ ಕಠಿಣ, ದನಿಯೆತ್ತಿ ಓದಿದರೆ ದಾರಿ ಬಿಡುತ್ತದೆ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಪಕ್ಕದ ಮನೆಯ ಲಿಂಗಾಯತರ ಹುಡುಗಿ, ಶಾಲೆಯ ಮುಸ್ಲಿಂ ಗೆಳೆಯ, ತಾಂಡಾದಿಂದ ಬರುವ ಸಹಪಾಠಿ ಪುಸ್ತಕ ಕೇಳಿದರೆ ಧಾರಾಳವಾಗಿ ಕೊಡಿ. ಆದರೆ ಪುಸ್ತಕದೊಳಗೆ ಗಾಳದ ಹಾಗೆ ಕರಪತ್ರ ಮಡಚಿಟ್ಟು ಕೊಡಬೇಡಿ. ಓದಿ ವಾಪಸು ತಂದಾಗ "ಏನನ್ನಿಸಿತು, ಮನಸ್ಸು ಬದಲಾಯಿತಾ?" ಎಂದು ಕೇಳಬೇಡಿ. ಈಗಿನ ದಿನಮಾನದಲ್ಲಿ ನಮ್ಮ ಕೈಯಿಂದ ಹೋದ ಯಾವ ಪುಸ್ತಕವನ್ನೂ ಅನುಮಾನದಿಂದ ನೋಡುವವರಿದ್ದಾರೆ, ಅವರ ಭಯಕ್ಕಾಗಿ ಇದನ್ನು ಹೇಳುತ್ತಿಲ್ಲ. ಸ್ನೇಹದ ಕೈಯಿಂದ ತೆಗೆದುಕೊಂಡ ಕಥೆಯಲ್ಲಿ ಬೇರೆ ಲೆಕ್ಕಾಚಾರ ಇತ್ತೆಂದು ಗೊತ್ತಾದರೆ ಆ ಹುಡುಗಿಗೆ ಆಗುವ ನೋವಿಗಾಗಿ ಹೇಳುತ್ತಿದ್ದೇನೆ. ಅವಳು ತನ್ನ ಮನೆಯ ಪುಸ್ತಕ ತಂದುಕೊಟ್ಟರೆ ನೀವೂ ಪೂರ್ತಿ ಓದಿ. ಅರ್ಧ ಓದಿ ಓದಿದೆ ಅನ್ನಬೇಡಿ, ಗೊತ್ತಾಗುತ್ತದೆ.

ನೀವೇ ಓದದ ಪುಸ್ತಕವನ್ನು ಯಾರಿಗೂ ಶಿಫಾರಸು ಮಾಡಬೇಡಿ. ಹಿಂಬದಿಯ ಹೊದಿಕೆಯ ಹೊಗಳಿಕೆ ನಂಬಬೇಡಿ. ಪಾಸ್ಟರ್ ಹೇಳಿದರೂ ಅಷ್ಟೇ.

ಇನ್ನು ನಿಮ್ಮಲ್ಲಿ ಬರೆಯುವ ಚಟ ಇರುವವರಿಗೆ. ಶಹಾಬಾದಿನ ಫರ್ಸಿ ಗಣಿಯಲ್ಲಿ ಕಲ್ಲು ಎಬ್ಬಿಸಿದವರು, ವಾಡಿ ಜಂಕ್ಷನ್ನಿನಲ್ಲಿ ರೈಲು ಬೇರ್ಪಡಿಸಿದವರು, ಅವರ ಮನೆಯ ಹೆಂಗಸರು, ಅವರು ಕೂಡಿ ಪ್ರಾರ್ಥನೆ ಮಾಡಿದ ತಗಡಿನ ಮನೆಗಳು, ಇವೆಲ್ಲ ಕಾದಂಬರಿಗೆ ಕಾದು ಕೂತಿವೆ. ಬರೆಯಿರಿ. ನಮ್ಮ ಮಾತಿನಲ್ಲೇ ಬರೆಯಿರಿ, ಧಾರವಾಡಕ್ಕೋ ಮೈಸೂರಿಗೋ ಕೇಳಲಿ ಅಂತ ಇಸ್ತ್ರಿ ಹಾಕಬೇಡಿ. ಕುಡಿಯುವ ಗಂಡನನ್ನು ಕೊನೆಯ ಅಧ್ಯಾಯದಲ್ಲಿ ಒಂದೇ ಪ್ರಾರ್ಥನೆಗೆ ಬಿಡಿಸಿಬಿಟ್ಟರೆ ಮಾತ್ರ ನಾನು ಒಪ್ಪುವುದಿಲ್ಲ. ಬರೆದದ್ದನ್ನು ಮೊದಲು ನನಗೆ ತಂದು ಕೊಡಿ. ಕೆಂಪು ಪೆನ್ನಿನಲ್ಲಿ ಇನ್ನೂ ಮಸಿ ಇದೆ.