ನಿಮ್ಮ ಕರುಳಿನ ಸೂಕ್ಷ್ಮಜೀವಿಗಳೇ ಬೇರೆ, ಪಕ್ಕದ ಮಂಚದವರವೇ ಬೇರೆ

ಮಲ ಪರೀಕ್ಷೆಯ ರಿಪೋರ್ಟು ಬಂದಾಗ "ಸಿಸ್ಟರ್, ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇವೆಯಂತೆ!" ಎಂದು ಗಾಬರಿಯಾಗುವವರಿದ್ದಾರೆ. ಬ್ಯಾಕ್ಟೀರಿಯಾ ಎಲ್ಲರ ಕರುಳಿನಲ್ಲೂ ಇವೆ, ಇರಲೇಬೇಕು. ಹಾಗಾದರೆ ಆರೋಗ್ಯವಂತರ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಇರುತ್ತವೆ? ವಿಜ್ಞಾನಿಗಳೂ ಇದೇ ಪ್ರಶ್ನೆ ಕೇಳಿಕೊಂಡರು.

ಇವುಗಳಲ್ಲಿ ಅನೇಕವು ಗಾಳಿ ತಾಗಿದರೆ ಬದುಕುವುದಿಲ್ಲ, ಪ್ರಯೋಗಾಲಯದಲ್ಲಿ ಬೆಳೆಸುವುದು ಕಷ್ಟ. ಆದ್ದರಿಂದ ಮಲದ ಮಾದರಿಯಲ್ಲಿರುವ ಜೀನ್‌ಗಳನ್ನೇ, ಅಂದರೆ ವಂಶವಾಹಿಗಳನ್ನೇ ನೇರವಾಗಿ ಓದುವ ವಿಧಾನ ಬಂತು. ಯಾವ ಕೆಲಸ ಮಾಡಬೇಕೆಂದು ಜೀವಕೋಶಕ್ಕೆ ತಿಳಿಸುವ ಬರಹವೇ ಜೀನ್. ಮನುಷ್ಯನಲ್ಲಿ ಇಂಥವು ಸುಮಾರು 20,000 ಇವೆ. 2010ರಲ್ಲಿ ಯುರೋಪಿನ 124 ಜನರ ಮಾದರಿ ಓದಿದಾಗ ಕರುಳಿನ ಸೂಕ್ಷ್ಮಜೀವಿಗಳ 33 ಲಕ್ಷ ಬೇರೆ ಬೇರೆ ಜೀನ್‌ಗಳು ಸಿಕ್ಕವು.

ಅಮೆರಿಕದಲ್ಲಿ 2007ರಲ್ಲಿ ಆರಂಭವಾದ ಹ್ಯೂಮನ್ ಮೈಕ್ರೋಬಯೋಮ್ ಪ್ರಾಜೆಕ್ಟ್ ಆರೋಗ್ಯವಂತರನ್ನೇ ಆರಿಸಿಕೊಂಡಿತು. ಹಲ್ಲು, ಒಸಡು ಕೂಡ ಪರೀಕ್ಷಿಸಿ ಸೇರಿಸಿಕೊಂಡರು. 242 ಜನರ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಒಬ್ಬರ ಬ್ಯಾಕ್ಟೀರಿಯಾ ಪಟ್ಟಿ ಇನ್ನೊಬ್ಬರದಕ್ಕೆ ಹೊಂದಲೇ ಇಲ್ಲ. ರೋಗ ತರಬಲ್ಲ ಕೆಲವು ಬ್ಯಾಕ್ಟೀರಿಯಾ ಆರೋಗ್ಯವಂತರಲ್ಲೂ ತೆಪ್ಪಗೆ ಇದ್ದವು. ಆದರೆ ಜೀನ್‌ಗಳು ಮಾಡುವ ಕೆಲಸಗಳನ್ನು ಹೋಲಿಸಿದಾಗ ಎಲ್ಲರಲ್ಲೂ ಬಹುಮಟ್ಟಿಗೆ ಒಂದೇ!

ಒಂದೂರಿನ ಬಡಿಗ ಬೇರೆ, ಪಕ್ಕದೂರಿನ ಬಡಿಗ ಬೇರೆ. ನೇಗಿಲು ಮಾತ್ರ ಎರಡೂ ಊರಲ್ಲಿ ರಿಪೇರಿಯಾಗುತ್ತದೆ. ಇದೂ ಹಾಗೆಯೇ. ಜೋಳ, ರಾಗಿ, ಕಾಳು, ಸೊಪ್ಪಿನ ನಾರನ್ನು ಒಡೆಯುವ ಜೀನ್‌ಗಳು ನಮ್ಮಲ್ಲಿ ಬಹಳ ಕಡಿಮೆ. ಆ ಕೆಲಸ ಬ್ಯಾಕ್ಟೀರಿಯಾಗಳದು. ನಾರಿನಿಂದ ಅವು ತಯಾರಿಸುವ ಆಮ್ಲಗಳೇ ದೊಡ್ಡ ಕರುಳಿನ ಒಳಪದರಕ್ಕೆ ಆಹಾರ. (ಕರುಳಿನ ಆಪರೇಷನ್ ಆದವರು ಇದನ್ನೋದಿ ಕೂಡಲೇ ರೊಟ್ಟಿ, ಕಾಳು ತರಿಸಬೇಡಿ. ನಿಮ್ಮ ಪಥ್ಯ ವೈದ್ಯರು ಹೇಳಿದಂತೆಯೇ ಇರಲಿ.)

ಆದ್ದರಿಂದ "ಇದೊಂದೇ ಒಳ್ಳೆಯ ಬ್ಯಾಕ್ಟೀರಿಯಾ, ಎಲ್ಲರಿಗೂ ಬೇಕು" ಎಂದು ಮಾರುವ ದುಬಾರಿ ಪುಡಿಗಳಿಗೆ ಸಾಲ ಮಾಡಬೇಡಿ. ವೈದ್ಯರು ಬರೆದುಕೊಟ್ಟಿದ್ದರೆ ಅದು ಬೇರೆ ಮಾತು.

ಕೆಲಸಗಾರರು ಒಟ್ಟಿಗೆ ಸತ್ತರೆ ತೊಂದರೆ. ಆಂಟಿಬಯೋಟಿಕ್ ಮಾತ್ರೆ ರೋಗಾಣುವಿನ ಜೊತೆಗೆ ಇವನ್ನೂ ಕೊಲ್ಲುತ್ತದೆ. ಅಗತ್ಯವಿದ್ದಾಗ ಅದು ಜೀವ ಉಳಿಸುತ್ತದೆ, ಸಂಶಯವಿಲ್ಲ. ಆದರೆ ನೆಗಡಿಗೆ ಅಂಗಡಿಯಿಂದ ತಂದು ನುಂಗುವುದು, ಉಳಿದ ಮಾತ್ರೆ ಮನೆಯವರಿಗೆ ಕೊಡುವುದು ಬೇಡ. ಜಾಗ ಖಾಲಿಯಾದಾಗ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಹೆಚ್ಚಿ, ತೀವ್ರ ಭೇದಿಯಾಗಬಹುದು. ವಯಸ್ಸಾದವರಲ್ಲಿ ಇದು ಪ್ರಾಣಕ್ಕೂ ಅಪಾಯ.

ಆಂಟಿಬಯೋಟಿಕ್ ನಡೆಯುತ್ತಿರುವಾಗ ಅಥವಾ ಮುಗಿದು ಕೆಲವು ವಾರಗಳೊಳಗೆ ದಿನಕ್ಕೆ ಮೂರು ಅಥವಾ ಹೆಚ್ಚು ಬಾರಿ ನೀರಿನಂತೆ ಭೇದಿಯಾದರೆ, ಜ್ವರ, ಹೊಟ್ಟೆನೋವು, ಮಲದಲ್ಲಿ ರಕ್ತ ಕಂಡರೆ ತಕ್ಷಣ ಸಿಸ್ಟರಿಗೆ ತಿಳಿಸಿ. ಮನೆಗೆ ಹೋಗಿದ್ದರೆ ಮರಳಿ ಬನ್ನಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ. ಓಆರ್‌ಎಸ್ ಅನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿ. ರೋಗಿಯ ಬಟ್ಟೆ, ಬೆಡ್‌ಪ್ಯಾನ್ ಮುಟ್ಟಿದ ಮೇಲೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಯಿರಿ. ಬಾಟಲಿಯ ಹ್ಯಾಂಡ್ ರಬ್‌ಗೆ ಈ ಬ್ಯಾಕ್ಟೀರಿಯಾದ ಬೀಜಕಣಗಳು ಸಾಯುವುದಿಲ್ಲ.