ಬೈಪಾಸ್ ಆದ ಮೇಲೆ ಮರೆವು: ಮನೆಯವರು ಏನು ಮಾಡಬೇಕು?

ಬೈಪಾಸ್ ಆಗಿ ಮನೆಗೆ ಬಂದವರು ಎದೆಯ ಹೊಲಿಗೆಯ ನೋವು ಹೇಳಿಕೊಳ್ಳುತ್ತಾರೆ. ಪತ್ರಿಕೆಯ ಒಂದು ಪುಟ ಓದಿ ಮುಗಿಸಲಾಗುತ್ತಿಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ. ಮನೆಯವರೂ 'ವಯಸ್ಸಾಯ್ತಲ್ಲ' ಎಂದು ಸುಮ್ಮನಾಗುತ್ತಾರೆ. ಸುಮ್ಮನಿರುವ ವಿಷಯವಲ್ಲ ಇದು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು 261 ಬೈಪಾಸ್ ರೋಗಿಗಳನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡಿಸ್ಚಾರ್ಜ್ ಹೊತ್ತಿಗೆ ಶೇ 53ರಷ್ಟು ಜನರ ನೆನಪು, ಏಕಾಗ್ರತೆ ಕುಗ್ಗಿತ್ತು. ಆರು ತಿಂಗಳಿಗೆ ಅದು ಶೇ 24ಕ್ಕೆ ಇಳಿಯಿತು. ಐದು ವರ್ಷಕ್ಕೆ ಮತ್ತೆ ಶೇ 42 ಆಯಿತು. ಅನುಮಾನ ಆಪರೇಷನ್ ವೇಳೆ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರದ ಮೇಲೆ ಬಿತ್ತು. ಆದರೆ ನೆದರ್ಲೆಂಡ್ಸ್‌ನ ವೈದ್ಯರು ಯಂತ್ರ ಬಳಸಿದವರನ್ನೂ ಬಳಸದವರನ್ನೂ ಹೋಲಿಸಿದಾಗ ಐದು ವರ್ಷದ ನಂತರ ವ್ಯತ್ಯಾಸ ಕಾಣಲಿಲ್ಲ. ವರ್ಷಗಳ ನಂತರದ ಕುಸಿತದಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಮೆದುಳಿನ ರಕ್ತನಾಳಗಳ ಸ್ಥಿತಿಯ ಪಾತ್ರ ದೊಡ್ಡದು.

ಮನೆಯವರ ಕೆಲಸ ಶುರುವಾಗುವುದು ಆಪರೇಷನ್‌ಗೆ ಮೊದಲೇ. ಹಿಂದೆ ಪಾರ್ಶ್ವವಾಯು ಆಗಿದ್ದರೆ, ಮರೆವು ಇದ್ದರೆ, ಕುಡಿತ ಅಥವಾ ನಿದ್ದೆ ಮಾತ್ರೆಯ ಅಭ್ಯಾಸವಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ಚಿಕ್ಕದೊಂದು ನೆನಪಿನ ಪರೀಕ್ಷೆ ಮಾಡಿಸಿಟ್ಟರೆ ಮುಂದೆ ಹೋಲಿಸಿ ನೋಡಬಹುದು.

ಐಸಿಯುವಿನಲ್ಲಿ ಕೆಲವರು ಹೆತ್ತ ಮಗನನ್ನೇ ಗುರುತಿಸದೆ ನಳಿಕೆ ಕೀಳಲು ಹೋಗುತ್ತಾರೆ. ಇದು ಡೆಲಿರಿಯಂ ಎಂಬ ಹಠಾತ್ ಗೊಂದಲದ ಸ್ಥಿತಿ, ಹುಚ್ಚಲ್ಲ. ಕೆಲವರು ಇದಕ್ಕೆ ತದ್ವಿರುದ್ಧವಾಗಿ ಮಂಕಾಗಿ ಮಲಗಿಬಿಡುತ್ತಾರೆ, ಅದು ಹೆಚ್ಚಾಗಿ ಗಮನಕ್ಕೆ ಬರುವುದಿಲ್ಲ. ಎರಡರಲ್ಲೂ ನರ್ಸ್‌ಗೆ ತಕ್ಷಣ ತಿಳಿಸಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಸಾಮಾನ್ಯ ವಾರ್ಡಿನ 852 ಹಿರಿಯ ರೋಗಿಗಳಲ್ಲಿ ನಿದ್ದೆ, ಓಡಾಟ, ಕಣ್ಣು-ಕಿವಿಯ ಕಾಳಜಿಯಂಥ ಸರಳ ಕ್ರಮಗಳನ್ನು ಪರೀಕ್ಷಿಸಿ, ಡೆಲಿರಿಯಂ ಶೇ 15ರ ಬದಲು ಶೇ 9.9 ಜನರಿಗಷ್ಟೇ ಬಂದದ್ದನ್ನು 1999ರಲ್ಲಿ ತೋರಿಸಿದರು. ಹಾಗಾಗಿ ಕನ್ನಡಕ, ಶ್ರವಣಯಂತ್ರ ಮರೆಯದೆ ಒಯ್ಯಿರಿ. ಭೇಟಿಗೆ ಬಿಟ್ಟಾಗ ಹೆಸರು ಹಿಡಿದು ಮಾತಾಡಿಸಿ, ಇವತ್ತು ಯಾವ ವಾರ, ಎಲ್ಲಿದ್ದೀರಿ ಎಂದು ಹೇಳಿ. ವಾದ ಬೇಡ.

ಮನೆಗೆ ಬಂದ ಮೇಲೆ ಮಾತ್ರೆಗಳ ಹೊಣೆ ಇನ್ನೊಬ್ಬರು ವಹಿಸಿಕೊಳ್ಳಲಿ. ದಿನಕ್ಕೊಂದು ಖಾನೆಯ ಡಬ್ಬಿ ಅನುಕೂಲ. ವೈದ್ಯರು ಹೇಳಿದಷ್ಟು ನಡಿಗೆ ತಪ್ಪಿಸಬೇಡಿ. ತಲೆ ತಿಳಿಯಾಗುವವರೆಗೆ ವಾಹನ ಚಾಲನೆ, ಆಸ್ತಿ ಪತ್ರದ ಸಹಿ ಮುಂದೂಡಿ. ನಿದ್ದೆ ಮಾತ್ರೆಯನ್ನು ಸ್ವಂತವಾಗಿ ತಂದುಕೊಡಲೇಬೇಡಿ.

ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಕಾಯದೆ 108ಕ್ಕೆ ಕರೆ ಮಾಡಿ. ಮರೆವು ಆರು ತಿಂಗಳಾದರೂ ಉಳಿದರೆ ನರರೋಗ ತಜ್ಞರನ್ನು ಕಾಣಿ. ಖಿನ್ನತೆ, ಥೈರಾಯ್ಡ್, ಬಿ12 ಕೊರತೆಯಿಂದಲೂ ಹೀಗಾಗಬಹುದು, ಇವಕ್ಕೆ ಚಿಕಿತ್ಸೆಯಿದೆ.